ಎಡಗೈ ಸಪ್ಪಳ

ಟೆನಿಸ್ ಆಟ ನಾ ಟೀವಿಯೊಳಗ ಸುದ್ದಾ ನೆಟ್ಟಗ ನೋಡಿದಾಕಿ ಅಲ್ಲ. ಆದ್ರೂ ಗೋಕಾಕದ ಡಾಕ್ಟರು ನನ್ನ ಬಲಗೈ ಮೊಣಕೈ ಒತ್ತಿ ನೋಡಿ, "ಟೆನಿಸ್ ಎಲ್ಬೋ ಆಗೇತ್ರಿ" ಅಂದ್ರು. ನಾ ಜನ್ಮದಾಗ ಬಡಿದದ್ದು ಬರೇ ಜ್ವಾಳದ ರೊಟ್ಟಿ.

ಶುರುವಿನಾಗ ತುಂಬಿದ ತಂಬಿಗಿ ಎತ್ತುವಾಗಷ್ಟ ಚುಳುಕ್ ಅಂತಿತ್ತು. ಆಮ್ಯಾಲ ಅರಿವಿ ಹಿಂಡಾಕ ಆಗವಲ್ದಾತು. ಉಳುಕು ಅಂತ ನಾನ ಠರಾಯಿಸಿ, ಮೇಲವಂಕಿಗೆ ಹೋಗಿ ಉಳುಕು ತಗಿಯೋ ಅಜ್ಜಗ ಕೈ ಕೊಟ್ಟೆ. ಆತ ಎಣ್ಣಿ ಹಚ್ಚಿ ಜಗ್ಗಿದ್ದಕ್ಕ ಮರುದಿನ ಚಹಾದ ಕಪ್ಪು ಸೈತ ಕೈಯಾಗ ನಿಲ್ಲಲಿಲ್ಲ. ಇರಲಾರದಾಕಿ ಇರುವಿ ಬಿಟ್ಕೊಂಡಂಗಾತು.

"ಜಗ್ಗೋ ಬ್ಯಾನಿ ಅಲ್ರಿ ಇದು" ಅಂತ ಡಾಕ್ಟರು ಬೈದ್ರು. "ಭಾಳ ನೋವಾದ್ರ ಬರ್ಫ ಅರಿವ್ಯಾಗ ಸುತ್ತಿ ಇಡ್ರಿ, ಮೊಣಕೈ ಕೆಳಗ ಪಟ್ಟಿ ಕಟ್ರಿ. ಏನ ಎತ್ತಿದ್ರೂ ಅಂಗೈ ಮ್ಯಾಲ ಮಾಡಿ ಎತ್ರಿ. ನೋವು ಇಳಿದ ಮ್ಯಾಲ ನೀರಿನ ಬಾಟ್ಲಿ ಹಿಡದು ಮಣಿಕಟ್ಟು ಸಾವಕಾಶ ಇಳಿಸೋದು ರೂಢಿ ಮಾಡ್ರಿ. ಆರು ವಾರ ರೊಟ್ಟಿ ಮಾತ್ರ ಬ್ಯಾಡ. ಮನ್ಯಾಗ ಯಾರಾರ ಬಡೀಲಿ."

ಯಾರ ಬಡೀಬೇಕು? ಹಿಡಕಲ್ ಡ್ಯಾಮಿನ್ಯಾಗ ನೌಕರಿ ಮಾಡತಿದ್ದ ನಮ್ಮ ಯಜಮಾನ್ರು ಹೋಗಿ ನಾಕು ವರ್ಷಾತು. ಮಕ್ಕಳಿಲ್ಲ. ಮನ್ಯಾಗ ನಾ ಒಬ್ಬಾಕಿನ.

ಧುಪದಾಳದ ನಮ್ಮ ಓಣ್ಯಾಗ ರೊಟ್ಟಿ ಸಪ್ಪಳ ಕೇಳಿ ಯಾರ ಮನೀದು ಅಂತ ಹೇಳತಾರ. ನನ್ನ ಸಪ್ಪಳ ನಿಂತು ಮೂರು ವಾರಾದ್ರೂ ಯಾಕಂತ ಒಬ್ಬರೂ ಕೇಳಲಿಲ್ಲ. ಖರೆ ಹೇಳ್ತೇನಿ, ಮೊಣಕೈಗಿಂತ ಅದ ಹೆಚ್ಚು ನೋಯ್ತು.

ಒಂದಿನ ಅನ್ನ ತಿಂದು ತಿಂದು ಸಿಟ್ಟು ಬಂದು, ಎಡಗೈಲೆ ಬಡ್ಯಾಕ ಕುಂತೆ. ತಪ್ ಅಂತಿತ್ತು, ನಿಲ್ಲತಿತ್ತು, ಮತ್ತ ತಪ್. ರೊಟ್ಟಿ ಅಂಚು ಹರಕೊಂಡು ಭೂಪಟ ಆತು. ಅಷ್ಟರಾಗ ಬಾಜೂ ಮನಿಯಾಕಿ ಗ್ವಾಡಿ ಆಚಿಂದ ಕೇಳಿದ್ಲು, "ಕಾಕು, ಮನಿಗೆ ಯಾರ ಬಂದಾರ್ರಿ? ರೊಟ್ಟಿ ಸಪ್ಪಳ ಬ್ಯಾರೆ ಐತಲ್ಲ."

ಎಡಗೈ ಅಂತ ಹೇಳಬೇಕಿತ್ತು. ಎಷ್ಟ ದಿನದ ಮ್ಯಾಲ ಒಬ್ಬರು ಕೇಳಿದ್ರು, ಮಾತು ಅಲ್ಲಿಗೇ ಮುಗಿಸಾಕ ಮನಸಾಗಲಿಲ್ಲ. "ಹೂನವಾ, ತಂಗಿ ಬಂದಾಳ" ಅಂದೆ.

ಆಕಿ ಗ್ವಾಡಿ ಮ್ಯಾಲಿಂದನ ಒಂದು ಬೋಗುಣಿ ಬದನಿಕಾಯಿ ಪಲ್ಯ ಕೊಟ್ಲು, ಇಬ್ಬರಿಗೆ ಆಗೋವಷ್ಟು. ನಾ ಎರಡು ಹೊತ್ತು ಉಂಡೆ.

ಮರುದಿನ ಬೋಗುಣಿ ತೊಳದು ಕೊಡುವಾಗ ಕೇಳಿದ್ಲು, "ತಂಗಿ ಹ್ವಾದ್ಲೇನ್ರಿ?"

"ಇಲ್ಲವಾ" ಅಂದೆ. "ಇನ್ನ ಮೂರು ವಾರ ಇರ್ತಾಳ."