ರಿಂಗ್ ರೋಡಿನ ಮೇಲೆ ಮಾವನವರ ಜೋಳ

ಗೆಳೆಯರೇ, ‘ಹೊಸ ರಿಂಗ್ ರೋಡ್ ಮುಗಿದದ್ದೇ ತಡ, ಅದರ ಮೇಲೆ ಮೆಕ್ಕೆಜೋಳ ಒಣಹಾಕುತ್ತಾರೆ, ನಾಚಿಕೆಯಾಗಬೇಕು’ ಎಂದು ನಿನ್ನೆ ಇಲ್ಲಿಯೇ ಪೋಸ್ಟ್ ಹಾಕಿ ಗುಡುಗಿದ್ದೆನಲ್ಲ?

ಇಂದು ಬೆಳಿಗ್ಗೆ ತಳಕಲ್‌ನಿಂದ ಮಾವನವರು ಟ್ರ್ಯಾಕ್ಟರ್ ಸಮೇತ ಕೊಪ್ಪಳಕ್ಕೆ ಬಂದಿಳಿದರು. “ಅಳಿಯಾರ, ಜ್ವಾಳ ಹಸಿ ಐತ್ರಿ. ನಮ್ಮ ಕಡೆ ರೋಡ್ ಅಗಲ ಮಾಡಾಕ ಅಗದು ಬಿಟ್ಟಾರ. ನಿಮ್ಮೂರ ರೋಡ್ ಭಾಳ ಛಲೋ ಆಗೇತಂತಲ್ರಿ!”

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಟ್ರ್ಯಾಕ್ಟರ್ ಹತ್ತಿ ಹೋಗಿ, ರಿಂಗ್ ರೋಡಿನಲ್ಲಿ ಖಾಲಿ ಜಾಗ ನೋಡಿ ಜೋಳ ಹರವಿದೆ. ಸುತ್ತ ಕಲ್ಲಿಟ್ಟು, ಛತ್ರಿ ಹಿಡಿದು ಕಾವಲು ಕೂತೆ.

ಪಕ್ಕದ ಹೊಲದವರೊಬ್ಬರು ಬೈಕ್ ನಿಲ್ಲಿಸಿದರು. “ಸರ, ನಿನ್ನಿ ನೀವು ಬರದಿದ್ದು ಓದಿ, ನಾಚಿಕಿ ಬಂದು ಇಲ್ಲಿಂದ ನಮ್ಮ ಜ್ವಾಳ ತಗದ್ವಿ. ಜಾಗಾ ಬೇಕಾಗಿತ್ತಂದ್ರ ಸೀದಾ ಕೇಳಬಾರದೇನ್ರಿ?”

ನನ್ನ ಬರಹಕ್ಕೆ ಸಮಾಜ ಬದಲಿಸುವ ಶಕ್ತಿ ಇದೆ ಸ್ವಾಮಿ. ಸದ್ಯಕ್ಕೆ ಜೋಳದ ಮಾಲೀಕರಷ್ಟೇ ಬದಲಾಗಿದ್ದಾರೆ.