ಬಾಗಿಲಿನ ಬೇವಿನ ಸೊಪ್ಪು

ನಮ್ಮ ಚಾಳಿನಲ್ಲಿ ಯಾರ ಮನೆಯಲ್ಲಿ ಸಿಡುಬು ಎದ್ದರೂ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಅದನ್ನು ಕಂಡರೆ ಯಾರೂ ಒಳಗೆ ಕಾಲಿಡುತ್ತಿರಲಿಲ್ಲ. ಪಕ್ಕದ ಖೋಲಿಯಾಕೆ ಮಾತ್ರ ಮಗನ ಸಿಡುಬು ಮುಚ್ಚಿಟ್ಟು, ಸೊಪ್ಪು ಕಟ್ಟದೆ, ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ನಮ್ಮನ್ನೆಲ್ಲ ಕರೆದಳು. ಅಲ್ಲಿಗೆ ಹೋಗಿ ಬಂದ ನನ್ನ ಮಗಳಿಗೂ ಸಿಡುಬು ಎದ್ದು ಮುಖವೆಲ್ಲ ಕಲೆಯಾಯಿತು. ಕಣ್ಣು ಉಳಿದದ್ದು ದೇವಿಯ ದಯೆ. ಆ ಪಕ್ಕದ ಮನೆಯಾಕೆಯ ಕುಂಕುಮ ಇನ್ನು ಯಾರ ಹಣೆಗೂ ಹತ್ತಬಾರದು ಎಂದು ಅಂದೇ ಬೇಡಿಕೊಂಡೆ.

ಮರುವರ್ಷ ಆಕೆ ಮತ್ತೆ ಎಲ್ಲರನ್ನೂ ಕರೆದಳು. ಅಂದು ಪೂಜೆ ಮುಗಿಸಿ, ನಾನೇ ಆಕೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದೆ. ಬಂದ ಹೆಂಗಸರೆಲ್ಲ ಮೆಟ್ಟಿಲಿನಿಂದಲೇ ತಿರುಗಿ ಹೋದರು.

"ಇದನ್ನ ಯಾರ್ರೀ ಕಟ್ಟಿದವರು?" ಎಂದು ಆಕೆ ಕೂಗಾಡಿದಳು.

"ಹೋದ ವರ್ಷ ನೀವು ಮರತಿದ್ರಲ್ಲ ವೈನಿ, ಅದಕ್ಕ ನಾನ ಕಟ್ಟೀನಿ," ಎಂದೆ.

ಸಂಜೆ ದೀಪ ಹಚ್ಚುವಾಗ, ಸಿಡುಬಿಲ್ಲದ ಮನೆಗೆ ಸೊಪ್ಪು ಕಟ್ಟಿದ್ದಕ್ಕೆ ದೇವಿಯ ಹತ್ತಿರ ಕ್ಷಮೆ ಕೇಳಲಿಲ್ಲ.