ಬಾವಿಯ ಕಲ್ಲು

ಊರ ಚಾವಡಿಯಲ್ಲಿ ಪಂಚಾಯ್ತಿ ಸೇರಿತೆಂದರೆ ಎದುರಿನ ಒರಳುಕಲ್ಲಿನ ಮೇಲೆ ಚಿಕ್ಕತಾಯವ್ವ ಕೂತಿರಲೇಬೇಕು. ಮಡಿಲಲ್ಲಿ ಅವರೆಕಾಯಿ, ಕಿವಿ ಮಾತ್ರ ಚಾವಡಿಯೊಳಗೆ. ಹೆಂಗಸಿಗೆ ಇಲ್ಲೇನು ಕೆಲಸ ಎಂದು ಯಾರಾದರೂ ಗದರಿದರೆ, "ನನ್ ಕಾಯಿ ನಾನ್ ಸುಲೀತಿವ್ನಿ, ನಿಮ್ ಮಾತ್ ನೀವಾಡ್ಕಳಿ" ಅನ್ನುವಳು.

ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಪಕ್ಕದ ಮನೆಗೆ ಸೊಸೆಯಾಗಿ ಬಂದ ನನಗೆ ಅವಳು ದೊಡ್ಡವ್ವ. ಸೀರೆ ಎತ್ತಿ ಕಟ್ಟಿದರೆ ಕಾಲ ತುಂಬ ನಾರುಹುಣ್ಣಿನ ಕಲೆ. ದನ ಇಳಿಯುವ ಕಟ್ಟೆಯ ನೀರನ್ನೇ ನಾವೂ ಕುಡಿಯುತ್ತಿದ್ದೆವಲ್ಲ! ಅದಕ್ಕೇ ಬಾವಿ ಕಟ್ಟಿಸುತ್ತೇವೆಂದು ಪಂಚಾಯ್ತಿ ಮನೆಮನೆಯಿಂದ ಕಂದಾಯ ಎತ್ತಿತು, ಕೆರೆ ಏರಿಯ ಹುಣಸೆ ಹರಾಜಿನ ದುಡ್ಡನ್ನೂ ಸೇರಿಸಿತು. ಗಾಡಿಗಳಲ್ಲಿ ಕಲ್ಲು ಬಂದು ಬಿತ್ತು. ಆಮೇಲೆ ಯುದ್ಧದ ಕಾಲ, ಆಳು ಸಿಗಲ್ಲ ಅಂದರು. ಕಲ್ಲಿನ ರಾಶಿ ಇಳಿಯುತ್ತಾ ಬಂತು, ಚೇರ್ಮನ್ ಗೌಡರ ಹೊಸ ಕೊಟ್ಟಿಗೆ ಏಳುತ್ತಾ ಬಂತು. ಎಲ್ಲರಿಗೂ ಕಾಣುತ್ತಿತ್ತು, ಬಾಯಿ ಬಿಡುವವರಿರಲಿಲ್ಲ.

ನೀರಿಗೆ ಹೋದಾಗ ಹೆಂಗಸರೆಲ್ಲ ಅವಳಿಗೆ ದುಂಬಾಲು ಬಿದ್ದರು: "ನೀನ್ ಕೇಳು ಚಿಕ್ಕತಾಯಿ, ನಿನ್ ಇಂದೆ ನಾವೆಲ್ಲ ನಿಂತ್ಕತೀವಿ." ಆಗ ನಾನು ಬಾಣಂತನಕ್ಕೆ ಮಳವಳ್ಳಿ ಕಡೆಯ ತವರಲ್ಲಿದ್ದೆ. ನಡೆದದ್ದನ್ನು ಆಮೇಲೆ ಅವಳೇ ಹೇಳಿದಳು.

"ಬಾವಿ ಕಲ್ಲು ನಿಮ್ ಕೊಟ್ಟಿಗೆಗೆ ಎಂಗ್ ಬಂದ್ವು ಗೌಡ್ರೇ ಅಂತ ಕೇಳ್ದೆ ಕಣವ್ವ. 'ಇದ ಇನ್ಯಾರ್ ಕೇಳ್ತಾವ್ರೆ?' ಅಂದ್ರು. ತಿರುಗ್ ನೋಡ್ದೆ. ಒಬ್ಳೂ ಇಲ್ಲ. ಒಂದ್ ನಾಯಿ ಮನಗಿತ್ತು, ಅಷ್ಟೆಯ."

ಹೇಳಿ ನಕ್ಕಳು.

ಆ ವರ್ಷ ನಾಟಿಗೆ ಅವಳಿಗೆ ಮುಯ್ಯಾಳು ಬರಲಿಲ್ಲ. ಒಬ್ಬರ ಗದ್ದೆಗೆ ಒಬ್ಬರು ಹೋಗಿ ನೆಟ್ಟುಕೊಡುವುದು ನಮ್ಮ ಕಡೆಯ ಪದ್ಧತಿ. ಎಲ್ಲರ ಗದ್ದೆಯಲ್ಲೂ ಬಗ್ಗಿದವಳ ಗದ್ದೆಗೆ ಗೌಡರ ಭಯಕ್ಕೆ ಯಾರೂ ಇಳಿಯಲಿಲ್ಲ. ಕೂಸನ್ನು ಬದುವಿನ ಮೇಲೆ ಮಲಗಿಸಿ ನಾನಿಳಿದೆ. ಅತ್ತೆ ಬೈದರು, ಬೈದುಕೊಳ್ಳಲಿ. ಇಬ್ಬರ ಕೈಲಿ ಎಷ್ಟಾದೀತು? ಅರ್ಧ ಗದ್ದೆ ಬೀಳುಬಿತ್ತು. ದಾರಿಯಲ್ಲಿ ಎದುರಾದವರು ಅವಳನ್ನು ಮಾತಾಡಿಸುತ್ತಿರಲಿಲ್ಲ. ಸಂಜೆ ಹೊತ್ತು ಅವಳು ತನ್ನ ಎಮ್ಮೆಯ ಜೊತೆ ಮಾತಾಡುವುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

ಆದರೆ ಅವಳ ಮಾತು ಹೇಗೋ ಮದ್ದೂರಿನ ತಾಲ್ಲೂಕು ಕಚೇರಿಯವರೆಗೆ ಹೋಗಿತ್ತು. ಅಮಲ್ದಾರರು ನೋಡಲು ಬರುತ್ತಾರೆಂಬ ಸುದ್ದಿ ಹುಟ್ಟಿದ್ದೇ ತಡ, ಗಡಿಬಿಡಿಯಲ್ಲಿ ಬಾವಿ ಮುಗಿಯಿತು. ಗಂಗೆಪೂಜೆಗೆ ಊರಿಗೆ ಊರೇ ಬಂತು. ಅವಳನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಬರುವಂತಿರಲಿಲ್ಲ, ಜ್ವರದಲ್ಲಿ ಮಲಗಿದ್ದಳು. ನಾನೇ ಚೊಂಬಿನಲ್ಲಿ ನೀರು ತಂದು ಕುಡಿಸಿದೆ.

"ನೀರು ಸೀಯಾಗಿ ಅದೆ ಕಣವ್ವ" ಅಂದಳು. ಬಾಯಿ ಒರೆಸಿಕೊಂಡು, "ಸುತ್ತ ಕಟ್ಟೆ ಕಟ್ಟವ್ರಾ?"

"ಇಲ್ಲ ದೊಡ್ಡವ್ವ. ಕಲ್ಲು ಸಾಲ್ನಿಲ್ವಂತೆ."

"ಮಿಕ್ಕಿದ್ ಕಲ್ಲು ಕೊಟ್ಟಿಗೇಲವೆ. ಮಕ್ಳು ಮರಿ ಬಿದ್ದಾವು. ಕೇಳ್ಬೇಕು."

ಕೇಳಲು ಅವಳು ಏಳಲೇ ಇಲ್ಲ, ಆ ಜ್ವರದಲ್ಲೇ ಹೋಗಿಬಿಟ್ಟಳು.

ಮುಂದಿನ ಪಂಚಾಯ್ತಿಯ ದಿನ ಒರಳುಕಲ್ಲು ಖಾಲಿಯಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಚಾವಡಿಯ ಮೆಟ್ಟಿಲ ಹತ್ತಿರ ಹೋಗಿ, ಬಾವಿಯ ಕಟ್ಟೆಗೆ ಕಲ್ಲು ಯಾವಾಗ ಬರುತ್ತೆ ಗೌಡ್ರೇ ಅಂತ ಕೇಳಿದೆ.

ಗೌಡರು ನನ್ನ ಬೆನ್ನ ಹಿಂದೆ ಕಣ್ಣಾಡಿಸಿ, "ಇದ ಇನ್ಯಾರ್ ಕೇಳ್ತಾವ್ರೆ?" ಅಂದರು.

ನಾನು ತಿರುಗಿ ನೋಡಲಿಲ್ಲ.

"ಚಿಕ್ಕತಾಯವ್ವ ಕೇಳ್ತಾವ್ಳೆ" ಅಂದೆ.